ಡಿಸ್ಕ್ ಕಾಣದಾಗ ಕಲಿತ ಐದು ಪಾಠಗಳು

ಲಿನಕ್ಸ್ ಹಾಕಲು ಕೂತಿದ್ದೀರಿ. ಇನ್‌ಸ್ಟಾಲರ್ ತೋರಿಸುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಮಾತ್ರ ಇದೆ, ಹಾರ್ಡ್‌ಡಿಸ್ಕ್ ಇಲ್ಲ. ಪರಿಚಯದವರ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಡುವ ನನ್ನನ್ನು ಹೆಚ್ಚು ಕಾಡಿದ್ದು ಇದೇ. ನನಗೆ ಕೆಟ್ಟ ಮೇಲೆ ಬಂದ ಬುದ್ಧಿ ನಿಮಗೆ ಕೆಡುವ ಮೊದಲೇ ಸಿಗಲಿ ಎಂದು ಬರೆಯುತ್ತಿದ್ದೇನೆ.

1. ಕಾಣದ ಡಿಸ್ಕೆಲ್ಲ ಕೆಟ್ಟ ಡಿಸ್ಕಲ್ಲ.
ಡಿಸ್ಕಿಗೂ ಲಿನಕ್ಸಿಗೂ ನಡುವೆ ಕಂಟ್ರೋಲರ್ ಇದೆ. ಅದಕ್ಕೆ ತಕ್ಕ ಡ್ರೈವರ್ ಇಲ್ಲದಿದ್ದರೆ ಹೊಚ್ಚಹೊಸ ಡಿಸ್ಕೂ ಕಾಣುವುದಿಲ್ಲ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕಾರಣ ಬಯಾಸ್‌ನಲ್ಲಿರುತ್ತದೆ: ಸ್ಟೋರೇಜ್ ‘ರೇಯ್ಡ್’ ಅಥವಾ ‘ಆರ್‌ಎಸ್‌ಟಿ’ ಮೋಡ್‌ನಲ್ಲಿರುತ್ತದೆ, 11ನೇ ತಲೆಮಾರಿನಿಂದೀಚೆಗೆ ‘ವಿಎಂಡಿ’ ಎಂಬ ಹೆಸರಿನಲ್ಲೂ ಇರುತ್ತದೆ. ವಿಎಂಡಿ ಡ್ರೈವರ್ ಈಚಿನ ಕರ್ನಲ್‌ಗಳಲ್ಲಿದೆ. ಹಾಗಾಗಿ ಈಗ ಮೊದಲು ಹೊಸ ಆವೃತ್ತಿಯ ಇನ್‌ಸ್ಟಾಲರ್ ಹಾಕಿ ನೋಡುತ್ತೇನೆ. ಅದಕ್ಕೂ ಕಾಣದಿದ್ದರೆ ಮಾತ್ರ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡುವುದು, ಇಲ್ಲವೇ ‘ಎಎಚ್‌ಸಿಐ’ಗೆ ಬದಲಿಸುವುದು.

2. ಬಯಾಸ್ ಮುಟ್ಟುವ ಮೊದಲು ವಿಂಡೋಸನ್ನು ಸಿದ್ಧಪಡಿಸಿ.
ಅಂಗಡಿಯವರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ನಾನು ನೇರವಾಗಿ ಎಎಚ್‌ಸಿಐಗೆ ಬದಲಿಸಿದೆ. ಲಿನಕ್ಸಿಗೆ ಡಿಸ್ಕ್ ಕಂಡಿತು. ಅವರ ಲೆಕ್ಕಪತ್ರಗಳಿದ್ದ ವಿಂಡೋಸ್ ಮಾತ್ರ ನೀಲಿ ಪರದೆಗೆ ಬಂದು ನಿಂತಿತು. ಹಳೆಯ ಮೋಡ್‌ಗೆ ಮರಳಿಸಿದ ಮೇಲೆ ಎದ್ದಿತು, ಆದರೆ ಅಷ್ಟರಲ್ಲಿ ಅವರು ಅನುಭವಿಸಿದ ಆತಂಕ ಅನಗತ್ಯವಾದದ್ದು. ಸರಿಯಾದ ಕ್ರಮ ಹೀಗೆ: ‘ಎಂಎಸ್‌ಕಾನ್ಫಿಗ್’ನ ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಆರಿಸಿ, ರೀಸ್ಟಾರ್ಟ್ ಮಾಡಿ, ಬಯಾಸ್‌ನಲ್ಲಿ ಮೋಡ್ ಬದಲಿಸಿ. ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಆದ ಮೇಲೆ ಆ ಆಯ್ಕೆಯನ್ನು ತೆಗೆಯಿರಿ. ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಕೈಯಲ್ಲಿರಬೇಕು. ಎರಡು ಡಿಸ್ಕುಗಳು ನಿಜವಾಗಿಯೇ ರೇಯ್ಡ್‌ನಲ್ಲಿದ್ದರೆ ಮೋಡ್ ಬದಲಿಸಲೇಬೇಡಿ.

3. ಊಹಿಸಬೇಡಿ, ಕರ್ನಲನ್ನು ಕೇಳಿ.
ಲೈವ್ ಮೋಡ್‌ನಲ್ಲಿ ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಡಿ. ಕಂಟ್ರೋಲರ್ ಹೆಸರಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ ಎಂದರ್ಥ. ‘ಎಲ್‌ಎಸ್‌ಬಿಎಲ್‌ಕೆ’ಗೆ ಕಾಣುವ ಡಿಸ್ಕ್ ಇನ್‌ಸ್ಟಾಲರ್‌ಗೆ ಕಾಣದಿದ್ದರೆ ಅದರಲ್ಲಿ ಹಳೆಯ ರೇಯ್ಡ್‌ನ ಗುರುತು ಉಳಿದಿರಬಹುದು. ಬರಿಯ ‘ವೈಪ್‌ಎಫ್‌ಎಸ್’ ಆ ಗುರುತುಗಳನ್ನು ತೋರಿಸುತ್ತದಷ್ಟೇ. ‘-ಎ’ ಸೇರಿಸಿದರೆ ಅಳಿಸಿಬಿಡುತ್ತದೆ. ಈ ವ್ಯತ್ಯಾಸ ಸದಾ ನೆನಪಿರಲಿ.

4. ಮೊದಲು ಕೇಬಲ್ ನೋಡಿ.
ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಇನ್‌ಸ್ಟಾಲ್ ಪ್ರತಿ ಸಲವೂ ನಡುವೆ ನಿಲ್ಲುತ್ತಿತ್ತು. ನಾನು ಡಿಸ್ಟ್ರೋ ಬದಲಿಸಿದೆ, ಡ್ರೈವರನ್ನು ಶಂಕಿಸಿದೆ. ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ಮಾತ್ರ ‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂದು ಮತ್ತೆ ಮತ್ತೆ ಹೇಳುತ್ತಲೇ ಇತ್ತು. ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ 199ನೇ ಐಡಿಯ ಸಾಲು, ಅಂದರೆ ಸಿಆರ್‌ಸಿ ದೋಷಗಳ ಎಣಿಕೆ, ಏರುತ್ತಿತ್ತು. ಡಿಸ್ಕಿನ ಕೆಟ್ಟ ಸೆಕ್ಟರ್‌ಗಳನ್ನು ಎಣಿಸುವ 5 ಮತ್ತು 197ನೇ ಸಾಲುಗಳು ಸೊನ್ನೆಯಲ್ಲಿದ್ದವು. ಡೇಟಾ ಹಾಳಾಗುತ್ತಿದ್ದದ್ದು ಡಿಸ್ಕಿನಲ್ಲಲ್ಲ, ದಾರಿಯಲ್ಲಿ. ಸಾಟಾ ಕೇಬಲ್ ಬದಲಿಸಿದೆ, ಸರಿಹೋಯಿತು. 197 ಏರುತ್ತಿದ್ದರೆ ಕಥೆ ಬೇರೆ: ಡಿಸ್ಕೇ ಸೋಲುತ್ತಿರುತ್ತದೆ, ಇನ್‌ಸ್ಟಾಲ್ ಬಿಟ್ಟು ಮೊದಲು ಡೇಟಾ ಉಳಿಸಿಕೊಳ್ಳಿ.

5. ಹಳೆಯ ಸರ್ವರ್‌ಗೆ ಹೊಸ ಆವೃತ್ತಿ ಹಾಕುವಾಗ ಕಾರ್ಡ್ ಯಾವುದೆಂದು ನೋಡಿ.
2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಹಿಂದಿನ ಆವೃತ್ತಿಯಲ್ಲಿ ನಡೆಯುತ್ತಿದ್ದ ಹಲವು ಹಳೆಯ ರೇಯ್ಡ್ ಕಾರ್ಡ್‌ಗಳ ಬೆಂಬಲವನ್ನು ಕೈಬಿಟ್ಟಿತು. ಅಂಥವುಗಳಲ್ಲಿ ಕೆಲವಕ್ಕೆ ‘ಇಎಲ್‌ರೆಪೊ’ ಯೋಜನೆಯ ಡ್ರೈವರ್ ಡಿಸ್ಕ್ ನೆರವಾಗುತ್ತದೆ. ಇನ್‌ಸ್ಟಾಲ್ ಆದರಷ್ಟೇ ಸಾಲದು, ಬೂಟ್‌ನ ಆರಂಭದಲ್ಲಿ ಬಳಕೆಯಾಗುವ ‘ಇನಿಟ್‌ರಾಮ್‌ಎಫ್‌ಎಸ್’ ಒಳಗೂ ಆ ಡ್ರೈವರ್ ಇರಬೇಕು. ಇಲ್ಲದಿದ್ದರೆ ರೂಟ್ ಪಾರ್ಟಿಷನ್ ಸಿಗದೆ ಬೂಟ್ ನಡುವೆಯೇ ನಿಲ್ಲುತ್ತದೆ. ಎಲ್‌ಎಸ್‌ಪಿಸಿಐ ಕೊಡುವ ಕಾರ್ಡಿನ ಐಡಿಯನ್ನು ಬರೆದಿಟ್ಟುಕೊಂಡು ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯೊಂದಿಗೆ ತಾಳೆ ನೋಡಿ, ಬ್ಯಾಕಪ್ ತೆಗೆಯಿರಿ. ಅದಾದ ಮೇಲೆ ಪೆನ್‌ಡ್ರೈವ್ ಹಾಕಿ.