ಉಪ್ಪುನೀರಿನ ಮೊದಲ ಟ್ಯಾಂಕ್: ಚಿಕ್ಕದು ತಗೊಂಡರೆ ದುಡ್ಡು ಉಳಿಯಲ್ಲ

ನಮ್ಮ ರೂಮಿಗೆ ಬಂದವರೆಲ್ಲ ಟ್ಯಾಂಕ್ ಮುಂದೆ ನಿಂತು ಕೇಳೋ ಮೊದಲನೇ ಪ್ರಶ್ನೆ, "ಎಷ್ಟಾಯ್ತು ಮಗಾ?" ಎರಡನೇದು, "ಇದರಲ್ಲಿ ಮೀನೇ ಇಲ್ವಲ್ಲೋ?" ಎರಡಕ್ಕೂ ಉತ್ತರ ಕೊಡೋಕೆ ಈ ಲೇಖನ. ಹವಳ ಬೆಳೆಸೋ ಉಪ್ಪುನೀರಿನ ಟ್ಯಾಂಕ್, ಅಂದರೆ ರೀಫ್ ಟ್ಯಾಂಕ್, ಶುರು ಮಾಡಬೇಕು ಅಂತ ನನಗೆ ಗೊತ್ತಿರೋ ನಾಲ್ಕೈದು ಜನ ಕ್ಯಾಂಪಸ್ಸಿನಲ್ಲಿ ಯೋಚಿಸ್ತಾ ಇದ್ದಾರೆ. ಎಲ್ಲರ ಹತ್ತಿರವೂ ದುಡ್ಡು ಕಮ್ಮಿ. ಹಾಗಾಗಿ ಎಲ್ಲರೂ ನಾನು ಮಾಡಿದ ತಪ್ಪನ್ನೇ ಮಾಡೋಕೆ ಹೊರಟಿದ್ದಾರೆ: ಸಿಕ್ಕಿದ್ದರಲ್ಲಿ ಅತಿ ಚಿಕ್ಕ ಟ್ಯಾಂಕ್ ತಗೊಳ್ಳೋದು.

ನಾನು ಹೋದ ವರ್ಷ ತಗೊಂಡಿದ್ದು 20 ಲೀಟರಿನದು. ಮೇಜಿನ ಮೇಲೆ ಕೂರುತ್ತೆ, ಉಪ್ಪು ಕಮ್ಮಿ ಸಾಕು, ಚಿಕ್ಕ ಲೈಟ್ ಸಾಕು ಅನ್ನೋ ಲೆಕ್ಕಾಚಾರ. ಒಂದು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಅಂಗೈಯಷ್ಟು ಝೋವಾಂಥಿಡ್ ಹವಳ. ಕೆಲವು ತಿಂಗಳು ಚೆನ್ನಾಗೇ ನಡೀತು. ದೀಪಾವಳಿಗೆ ಊರಿಗೆ ಹೋಗುವಾಗ ರೂಮ್‌ಮೇಟ್‌ಗೆ, "ನೀರು ಇಳಿದರೆ ಗೆರೆವರೆಗೂ ತುಂಬಿಸು, ಬಕೆಟ್ ಅಲ್ಲೇ ಇದೆ" ಅಂದೆ. ಅಲ್ಲಿ ಇದ್ದದ್ದು ಎರಡು ಬಕೆಟ್. ಒಂದರಲ್ಲಿ ಆರ್‌ಒ ನೀರು, ಇನ್ನೊಂದರಲ್ಲಿ ಮುಂದಿನ ವಾರಕ್ಕೆ ಅಂತ ಕಲಸಿಟ್ಟ ಉಪ್ಪುನೀರು. ಯಾವುದರ ಮೇಲೂ ಏನೂ ಬರೆದಿರಲಿಲ್ಲ. ಸಮುದ್ರದ ಟ್ಯಾಂಕ್ ಅಲ್ವಾ ಅಂತ ಅವನು ಪಾಪ ಉಪ್ಪುನೀರೇ ಹಾಕಿದ. ಅದೂ ಸರಿಯಾಗಿ ಗೆರೆವರೆಗೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸರಿಸುಮಾರು 35 ಗ್ರಾಂ ಉಪ್ಪಿರುತ್ತೆ. ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತೆ. ಅದಕ್ಕೇ ಆವಿಯಾದ ಜಾಗಕ್ಕೆ ಸಿಹಿನೀರು ಹಾಕಬೇಕು. ನನ್ನ ಟ್ಯಾಂಕಿನಲ್ಲಿದ್ದ ಉಪ್ಪು 700 ಗ್ರಾಂ. ಐದು ದಿನದಲ್ಲಿ ಸುಮಾರು ಎರಡೂವರೆ ಲೀಟರ್ ಆವಿಯಾಯ್ತು. ಅಷ್ಟೇ ಉಪ್ಪುನೀರು ಸುರಿದಾಗ ಇನ್ನೂ 87.5 ಗ್ರಾಂ ಉಪ್ಪು ಸೇರಿತು. 787.5 ಅನ್ನು 20 ರಿಂದ ಭಾಗಿಸಿ: 39.4. ವಾಪಸ್ ಬಂದು ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದಾಗ ಹೆಚ್ಚುಕಮ್ಮಿ ಅದೇ ಬಂತು.

ಅಲ್ಲಿವರೆಗೆ ಯಾವ ಪ್ರಾಣಿಯೂ ಸತ್ತಿರಲಿಲ್ಲ. ಕೊಂದಿದ್ದು ನಾನು. ಗಾಬರಿಯಲ್ಲಿ ರಾತ್ರಿ ಒಂದೇ ಸಲಕ್ಕೆ ಉಪ್ಪುನೀರು ತೆಗೆದು ಸಿಹಿನೀರು ಸುರಿದು 35ಕ್ಕೆ ಇಳಿಸಿಬಿಟ್ಟೆ. ನಾಲ್ಕೈದು ದಿನ ತಗೊಂಡು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕಿತ್ತು. ಸೀಗಡಿಯಂಥ ಜೀವಿಗಳಿಗೆ ಉಪ್ಪಿನಂಶ ಹೆಚ್ಚಿರೋದಕ್ಕಿಂತ ಅದು ತಟ್ಟನೆ ಬದಲಾಗೋದು ಅಪಾಯ. ಬೆಳಿಗ್ಗೆ ನೋಡಿದರೆ ಸೀಗಡಿ ಒಂದು ಬದಿಗೆ ವಾಲಿ ಬಿದ್ದಿತ್ತು. ಹವಳ ಮುಚ್ಚಿಕೊಂಡಿದ್ದು ಮತ್ತೆ ತೆರೀಲೇ ಇಲ್ಲ, ಒಂದು ವಾರದಲ್ಲಿ ಕರಗಿಹೋಯ್ತು. ಮೀನು ಮಾತ್ರ ಉಳೀತು. ರೂಮ್‌ಮೇಟ್ ಇವತ್ತಿಗೂ ತನ್ನಿಂದಲೇ ಆಯ್ತು ಅಂದುಕೊಂಡಿದ್ದಾನೆ. ಅಲ್ಲ ಕಣೋ.

ಅದೇ ತಪ್ಪು 100 ಲೀಟರಿನ ಟ್ಯಾಂಕಿನಲ್ಲಿ ಆಗಿದ್ದರೆ? ಎರಡೂವರೆ ಲೀಟರ್ ಉಪ್ಪುನೀರಿಗೆ ಉಪ್ಪಿನಂಶ ಏರುತ್ತಿದ್ದದ್ದು 35.9ಕ್ಕೆ, ಅಷ್ಟೇ. ಆದರೆ ಇದು ನ್ಯಾಯವಾದ ಹೋಲಿಕೆ ಅಲ್ಲ, ಯಾಕಂದ್ರೆ ದೊಡ್ಡ ಟ್ಯಾಂಕಿನ ಬಾಯಿಯೂ ದೊಡ್ಡದು, ಆವಿಯೂ ಜಾಸ್ತಿ. ಮೂರು ಪಟ್ಟು ಆವಿಯಾಯ್ತು ಅಂತಲೇ ಇಟ್ಟುಕೊಳ್ಳಿ, 37.6 ಆಗುತ್ತೆ. ಆಗಲೂ ಚಿಕ್ಕದಕ್ಕಿಂತ ವಾಸಿ. ಅಮೋನಿಯಾ ಕಥೆಯೂ ಹೀಗೇ. ಒಂದು ಬಸವನಹುಳು ಸತ್ತು ಕೊಳೆತರೆ 20 ಲೀಟರಿಗೆ ಅದು ವಿಷ, 100 ಲೀಟರಿಗೆ ಒಂದು ಕೆಟ್ಟ ದಿನ.

ಇನ್ನು ದುಡ್ಡಿನ ವಿಷಯ. ರಿಫ್ರಾಕ್ಟೋಮೀಟರ್, ಟೆಸ್ಟ್ ಕಿಟ್, ಥರ್ಮಾಮೀಟರ್ ಚಿಕ್ಕದಕ್ಕೂ ಬೇಕು, ದೊಡ್ಡದಕ್ಕೂ ಅವೇ ಸಾಕು. ಈಗಿರೋ ಎರಡನೇ ಟ್ಯಾಂಕಿನ ಅಳತೆ 60×45×40 ಸೆಂಟಿಮೀಟರ್, 37 ಸೆಂಟಿಮೀಟರ್ ತುಂಬಿಸಿದರೆ ಸರಿಯಾಗಿ 100 ಲೀಟರ್. ಇದುವರೆಗೆ ಆದ ಖರ್ಚು 19 ಸಾವಿರ ಚಿಲ್ಲರೆ. ಅದರಲ್ಲಿ ಬರೀ ಗಾಜಿಗೆ ಹೋಗಿದ್ದು ಮೂರು ಸಾವಿರವೂ ಇಲ್ಲ. ಅಂದರೆ ಚಿಕ್ಕದು ತಗೊಂಡು ನಾನು ಉಳಿಸೋಕೆ ಹೊರಟಿದ್ದು ಇಡೀ ಬಿಲ್ಲಿನಲ್ಲಿ ಅತಿ ಅಗ್ಗದ ಸಾಮಾನಿನ ಮೇಲೆ! ಒಂದು ಎಚ್ಚರಿಕೆ: 100 ಲೀಟರ್ ಸಮುದ್ರದ ನೀರು ಅಂದರೇನೇ 102 ಕೆಜಿ ದಾಟುತ್ತೆ, ಮೇಲೆ ಕಲ್ಲು, ಗಾಜು. ಓದೋ ಮೇಜಿನ ಮೇಲೆ ಇಡಬೇಡಿ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಸಿಕ್ಕಿದರೆ, ಹಿಂದಿನವರು ಅದರಲ್ಲಿ ತಾಮ್ರದ ಔಷಧಿ ಹಾಕಿದ್ದರಾ ಅಂತ ಕೇಳಲೇಬೇಕು. ಮೀನಿನ ರೋಗಕ್ಕೆ ಬಳಸೋ ಆ ತಾಮ್ರ ಹವಳಕ್ಕೂ ಸೀಗಡಿಗೂ ವಿಷ.

ನಿಜವಾಗಿ ಜೇಬು ಖಾಲಿ ಮಾಡೋದು ತಾಪಮಾನ. ಹವಳಕ್ಕೆ 25 ರಿಂದ 27 ಡಿಗ್ರಿ ಬೇಕು. ಅಂಗಡಿಯವರು ತಕ್ಷಣ ಚಿಲ್ಲರ್ ತೋರಿಸ್ತಾರೆ. ಚಿಲ್ಲರ್ ಬೆಲೆ ನೋಡಿದರೆ ಹವ್ಯಾಸವೇ ಬೇಡ ಅನ್ಸುತ್ತೆ. ಅದಕ್ಕೂ ಮೊದಲು ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ಕೇಳಿದ ಗುಪ್ತೋಷ್ಣ ನೆನಪು ಮಾಡಿಕೊಳ್ಳಿ. ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೌಲ್ ಬೇಕು. ದಿನಕ್ಕೆ ಒಂದು ಲೀಟರ್ ಆವಿಯಾದರೆ, 86,400 ಸೆಕೆಂಡಿನಿಂದ ಭಾಗಿಸಿ, 28 ವ್ಯಾಟ್ ಶಾಖ ಟ್ಯಾಂಕಿನಿಂದ ಹೊರಗೆ. ನನ್ನ ಪಂಪುಗಳು ಸೇರಿ 15 ವ್ಯಾಟ್, ಲೈಟ್ 40 ವ್ಯಾಟ್ ಆದರೂ ಉರಿಯೋದು ಎಂಟೇ ಗಂಟೆ, ಸರಾಸರಿ 13. ಒಟ್ಟು 28! ಎರಡೂ ಹಿಂಗೆ ಸರಿಹೋಗಿದ್ದು ಕಾಕತಾಳೀಯ, ಆದರೆ ಲೆಕ್ಕ ಮಾಡಿದ ರಾತ್ರಿ ನನಗೆ ಆದ ಖುಷಿ ಯಾವ ಇಂಟರ್ನಲ್ಸ್‌ನಲ್ಲೂ ಆಗಿಲ್ಲ. ನೀರಿನ ಮೇಲೆ ಗಾಳಿ ಬೀಸೋ ಹಾಗೆ ಕಂಪ್ಯೂಟರಿನ ಎರಡು ಹಳೇ ಫ್ಯಾನ್ ಕೂರಿಸಿದರೆ ಉಪಕರಣಗಳ ಶಾಖವನ್ನು ಅವೇ ಹೊರಗೆ ಹಾಕ್ತವೆ. ಆವಿ ಇನ್ನೂ ಹೆಚ್ಚಾದರೆ ನೀರು ರೂಮಿಗಿಂತ ತಣ್ಣಗಾಗುತ್ತೆ.

ಆದರೆ ಇದು ಎಲ್ಲ ಊರಿನಲ್ಲೂ ನಡೆಯಲ್ಲ. ಫ್ಯಾನ್ ಎಷ್ಟೇ ಬೀಸಲಿ, ನೀರು ವೆಟ್ ಬಲ್ಬ್ ತಾಪಮಾನಕ್ಕಿಂತ ಕೆಳಗೆ ಇಳಿಯಲ್ಲ. ಗಾಳಿ 34 ಡಿಗ್ರಿ, ತೇವಾಂಶ ಶೇಕಡ 30 ಇರೋ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಸುಮಾರು 21. ಗಾಳಿ 33 ಡಿಗ್ರಿ, ತೇವಾಂಶ ಶೇಕಡ 70 ಇರೋ ಮಂಗಳೂರಿನಲ್ಲಿ ಸುಮಾರು 28, ಅಂದರೆ ನಮಗೆ ಬೇಕಾದ್ದಕ್ಕಿಂತ ಮೇಲೆ. ಸಮುದ್ರದ ಪಕ್ಕದಲ್ಲಿರೋರಿಗೇ ಸಮುದ್ರದ ಟ್ಯಾಂಕ್ ಕಷ್ಟ, ನೋಡಿ. ಕರಾವಳಿಯ ಸ್ನೇಹಿತರು ಚಿಲ್ಲರ್‌ಗೆ ದುಡ್ಡು ಎತ್ತಿಟ್ಟೇ ಶುರು ಮಾಡಬೇಕು. ಬೆಂಗಳೂರಿನವರಿಗೆ ಡಿಸೆಂಬರ್ ರಾತ್ರಿಗೆ ಒಂದು 100 ವ್ಯಾಟ್ ಹೀಟರ್ ಬೇಕು, ಅಷ್ಟೇ. ಫ್ಯಾನ್ ಹಾಕಿದ ಮೇಲೆ ದಿನಾ ಸಿಹಿನೀರು ತುಂಬಿಸೋದು ತಪ್ಪಲ್ಲ, ಊರಿಗೆ ಹೋಗೋರು ಆಟೋ ಟಾಪ್-ಅಪ್ ಪಂಪ್ ಹಾಕಿಸಿ.

ನೀರು ಮತ್ತು ಉಪ್ಪಿನಲ್ಲಿ ಜುಗ್ಗತನ ಬೇಡ. ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಹವಳಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರೋ ರೀಫ್ ಸಾಲ್ಟೇ ಆಗಬೇಕು. ಬೋರ್‌ವೆಲ್ ನೀರು ಬೇಡ. ಮನೆಯ ಆರ್‌ಒ ನೀರು ಆಗಬಹುದು, ಆದರೆ ಟಿಡಿಎಸ್ ಮೀಟರ್ ಹಿಡಿದು ನೋಡಿ. ರುಚಿಗೆ ಅಂತ ಹಸಿ ನೀರನ್ನೇ ಸ್ವಲ್ಪ ವಾಪಸ್ ಬೆರೆಸೋ ಟಿಡಿಎಸ್ ಕಂಟ್ರೋಲರ್ ಬಹಳ ಆರ್‌ಒ ಮಷೀನ್‌ಗಳಲ್ಲಿರುತ್ತೆ. ಕುಡಿಯೋಕೆ ಅದು ಸರಿ, ಟ್ಯಾಂಕಿಗೆ ಪಾಚಿ ಗ್ಯಾರಂಟಿ. ಉಳಿಸೋದಿದ್ದರೆ ಪ್ರೋಟೀನ್ ಸ್ಕಿಮ್ಮರ್ ಬಿಡಿ. ಒಂದೆರಡು ಮೀನಿನ ಟ್ಯಾಂಕಿಗೆ ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ಆ ಕೆಲಸ ಆಗುತ್ತೆ. ಕರೆಂಟ್ ಹೋದಾಗ ಓಡಿಸೋಕೆ ಬ್ಯಾಟರಿ ಏರ್ ಪಂಪ್ ಮಾತ್ರ ಬಿಡಬೇಡಿ.

ಹವಳದ ಆಯ್ಕೆಯಲ್ಲಿ ಬಜೆಟ್ಟೂ ಕಾನೂನೂ ಒಂದೇ ಕಡೆ ಬೆರಳು ತೋರಿಸ್ತವೆ. ಕಲ್ಲು ಹವಳ, ಅಂದರೆ ದಿಬ್ಬ ಕಟ್ಟೋ ಜಾತಿಗಳೆಲ್ಲ, ಜೊತೆಗೆ ಕಪ್ಪು ಹವಳ, ಫೈರ್ ಕೋರಲ್, ಸೀ ಫ್ಯಾನ್, ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಇರೋ ಪಟ್ಟಿಯಲ್ಲೇ. ಕಡಲ್ಗುದುರೆಯೂ ಅಷ್ಟೇ. ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ಚೂರು ಮುರಿದು ತಂದರೂ ಅಪರಾಧ. 'ಲೈವ್ ರಾಕ್' ಅಂತ ಯಾರಾದರೂ ನಮ್ಮ ಸಮುದ್ರದ ಹವಳದ ಕಲ್ಲು ಮಾರಿದರೆ ತಗೋಬೇಡಿ, ಸಣ್ಣ ರಂಧ್ರಗಳಿರೋ ಸೆರಾಮಿಕ್ ಕಲ್ಲು ಬ್ಯಾಕ್ಟೀರಿಯಾಕ್ಕೆ ಸಾಕು. ಕಲ್ಲು ಹವಳಕ್ಕೆ ಜೋರು ಬೆಳಕು ಬೇಕು, ದಿನಾ ಕ್ಯಾಲ್ಸಿಯಂ ಹಾಕ್ತಾ ಇರಬೇಕು. ಝೋವಾಂಥಿಡ್, ಮಶ್ರೂಮ್ ಹವಳಗಳು ಆ ಪಟ್ಟಿಯಲ್ಲಿಲ್ಲ, ದೊಡ್ಡ ಅಸ್ಥಿಪಂಜರ ಕಟ್ಟಲ್ಲ, ಸಾಧಾರಣ ಎಲ್‌ಇಡಿಯಲ್ಲಿ ಬದುಕ್ತವೆ. ಬೇರೆಯವರ ಟ್ಯಾಂಕಿನಲ್ಲಿ ಬೆಳೆಸಿದ ತುಂಡೇ ತಗೊಳ್ಳಿ, ಅಂಗಡಿಯಾದರೆ ಬಿಲ್ ಕೇಳಿ. ಝೋವಾಂಥಿಡ್ ಮುಟ್ಟುವಾಗ ಗ್ಲೌಸ್ ಹಾಕಿ, ಅದಿರೋ ಕಲ್ಲನ್ನು ಯಾವತ್ತೂ ಕುದಿಸಬೇಡಿ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ, ಆ ಆವಿ ಉಸಿರಾಡಿದರೆ ಆಸ್ಪತ್ರೆಯೇ ಗತಿ.

ಮೀನು ಅಂದರೆ ಸಾಕಿ ಬೆಳೆಸಿದ ಕ್ಲೌನ್ ಮೀನು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸೋ ವಿಧಾನ ರೂಪಿಸಿದ್ದಾರೆ, ಸಮುದ್ರದಿಂದ ಹಿಡಿದು ತಂದದ್ದನ್ನೇ ಕೊಳ್ಳಬೇಕಾಗಿಲ್ಲ. ನೀಲಿ ಡೋರಿ ಮೀನು ಯಾರೇ ಕೇಳಿದರೂ ನನ್ನ ಉತ್ತರ ಬೇಡ ಅಂತಲೇ. ಅದು ಒಂದಡಿ ಉದ್ದ ಬೆಳೆಯುತ್ತೆ.

ಈಗ ಎರಡನೇ ಪ್ರಶ್ನೆ. ಟ್ಯಾಂಕಿನಲ್ಲಿ ಮೀನು ಯಾಕಿಲ್ಲ ಅಂದರೆ, ಬ್ಯಾಕ್ಟೀರಿಯಾ ಇನ್ನೂ ಬೆಳೀತಾ ಇದೆ. ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತೆ, ಅದನ್ನು ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತೆ. ಎರಡೂ ಗುಂಪು ನೆಲೆಯೂರೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾನು ಅಮೋನಿಯಂ ಕ್ಲೋರೈಡ್ ಹಾಕಿ ಇಪ್ಪತ್ನಾಲ್ಕನೇ ದಿನದಲ್ಲಿದ್ದೀನಿ. ಅಮೋನಿಯಾ ಸೊನ್ನೆಗೆ ಬಂದಿದೆ, ನೈಟ್ರೈಟ್ ಇನ್ನೂ ಇಳಿದಿಲ್ಲ. ಹಳೇ ಕ್ಲೌನ್ ಮೀನು ಸದ್ಯ ಸೀನಿಯರ್ ಒಬ್ಬರ ಟ್ಯಾಂಕಿನಲ್ಲಿದೆ, ಸೆಮಿಸ್ಟರ್ ಎಕ್ಸಾಮ್ ಮುಗಿದ ಮೇಲೆ ವಾಪಸ್ ತರೋದು. ಅಷ್ಟರವರೆಗೆ ನೀರು ತುಂಬಿಸೋ ಡ್ಯೂಟಿ ಮತ್ತೆ ಅದೇ ರೂಮ್‌ಮೇಟ್‌ದು. ಬಕೆಟ್‌ಗಳ ಮೇಲೆ ಮಾರ್ಕರ್‌ನಲ್ಲಿ 'ಸಿಹಿ', 'ಉಪ್ಪು' ಅಂತ ಅವನೇ ಬರೆದಿಟ್ಟಿದ್ದಾನೆ.