ಹಳ್ಳದ ಸಣ್ಣ ಮೀನುಗಳನ್ನು ಗುರುತಿಸುವ ಕ್ರಮ

ಮಲೆನಾಡಿನ ಹಳ್ಳಗಳಲ್ಲಿಯೂ ಗದ್ದೆಯ ಕಾಲುವೆಗಳಲ್ಲಿಯೂ ಸಂಚರಿಸುವ, ಗೇಣುದ್ದಕ್ಕೆ ಕಡಿಮೆಯಾದ ಮೀನುಗಳನ್ನೆಲ್ಲಾ ಜನರು ಸಾಮಾನ್ಯವಾಗಿ ಸಸಲು ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಆದರೆ ಒಂದು ಬೊಗಸೆ ಸಸಲಿನಲ್ಲಿ ಐದಾರು ಜಾತಿಗಳು ಸೇರಿರುವುದು ಅಪೂರ್ವವಲ್ಲ. ಅವುಗಳಲ್ಲಿ ಕೆಲವು ಅಷ್ಟಕ್ಕೇ ಬೆಳೆದು ನಿಲ್ಲುವ ಜಾತಿಗಳು. ಕೆಲವು ಬಹು ದೊಡ್ಡದಾಗಿ ಬೆಳೆಯತಕ್ಕ ಮೀನುಗಳ ಮರಿಗಳು. ಹಳ್ಳದಲ್ಲಿ ಸಣ್ಣ ಕಣ್ಣಿನ ಬಲೆಯನ್ನು ಬಿಡಬಹುದೆ, ಸೊಳ್ಳೆಯ ನಿವಾರಣೆಗಾಗಿ ಹೊರಗಿನ ಮೀನನ್ನು ತಂದು ಬಿಡುವುದು ಅವಶ್ಯವೆ, ಎಂಬ ಪ್ರಶ್ನೆಗಳು ಗ್ರಾಮದ ಮುಖ್ಯಸ್ಥರ ಮುಂದೆ ಬಂದಾಗ ಈ ಭೇದವನ್ನು ತಿಳಿಯದೆ ಸರಿಯಾದ ಉತ್ತರವನ್ನು ಕೊಡುವುದು ಸಾಧ್ಯವಿಲ್ಲ.

ನೋಡುವುದಕ್ಕೆ ಮಳೆಗಾಲ ಕಳೆದು ನೀರು ತಿಳಿಯಾದ ಕಾರ್ತೀಕ, ಮಾರ್ಗಶಿರ ಮಾಸಗಳು ಅನುಕೂಲವಾದವು. ಹಿಡಿದ ಮೀನನ್ನು ಒದ್ದೆ ಕೈಯಿಂದಲೇ ಎತ್ತಿ, ಹಳ್ಳದ ನೀರನ್ನೇ ತುಂಬಿದ ಅಗಲಬಾಯಿಯ ಗಾಜಿನ ಶೀಸೆಗೆ ಬಿಟ್ಟು, ಪಕ್ಕದಿಂದ ನೋಡತಕ್ಕದ್ದು. ಮೇಲಿನಿಂದ ನೋಡಿದರೆ ಎಲ್ಲಾ ಮೀನುಗಳ ಬೆನ್ನೂ ಒಂದೇ ಬಗೆಯ ಮಾಸಲು ಬಣ್ಣ. ಬಣ್ಣವನ್ನು ಮಾತ್ರ ನಂಬುವುದು ಸರಿಯಲ್ಲ. ಸತ್ತ ಮೀನಿನಲ್ಲಿ ಅದು ಬೇಗನೆ ಮಾಸುತ್ತದೆ. ಬಾಯಿ ಯಾವ ಕಡೆಗೆ ತೆರೆದಿದೆ, ಮೀಸೆಗಳು ಎಷ್ಟು, ಬೆನ್ನಿನ ರೆಕ್ಕೆ ಎಲ್ಲಿ ಹುಟ್ಟುತ್ತದೆ, ಹುರುಪೆಗಳು ದೊಡ್ಡವೋ ಸಣ್ಣವೋ ಎಂಬುದನ್ನು ಮೊದಲು ನೋಡಬೇಕು.

ತಲೆಯ ಕೆಳಗೆ ಬಾಯಿಯಿದ್ದು, ಕೆಳತುಟಿಯ ಹಿಂದೆ ದುಂಡನೆಯ ತಟ್ಟೆಯಂತಹ ಅಂಗವಿದ್ದರೆ ಅದು ಗಾರ್ರಾ ಜಾತಿಯದು. ಈ ತಟ್ಟೆಯಿಂದ ಅದು ಸೆಳವಿನಲ್ಲಿಯೂ ಬಂಡೆಗೆ ಅಂಟಿಕೊಂಡು ಪಾಚಿಯನ್ನು ಕೆರೆದು ತಿನ್ನುತ್ತದೆ. ಬಾಯಿಯ ಸುತ್ತ ಆರು ಮೀಸೆಗಳೂ, ಮೈಮೇಲೆ ಅಡ್ಡಪಟ್ಟೆಗಳೂ ಇರುವ ಬೆರಳುದ್ದದ ಮೀನು ಶಿಸ್ಟೂರ. ಎಂಟು ಮೀಸೆಗಳಿದ್ದು ಮರಳಿನಲ್ಲಿ ಹೂತುಕೊಳ್ಳುವುದು ಲೆಪಿಡೊಸೆಫಾಲಿಕ್ತಿಸ್. ಇದರ ಕಣ್ಣಿನ ಕೆಳಗೆ ಸಣ್ಣ ಮುಳ್ಳಿರುವುದರಿಂದ ಮಕ್ಕಳು ಹಿಡಿದಾಗ ಚುಚ್ಚುತ್ತದೆ.

ನಡುನೀರಿನಲ್ಲಿ ಗುಂಪಾಗಿ ಚಲಿಸುವವುಗಳಲ್ಲಿಯೇ ಗೊಂದಲ ಹೆಚ್ಚು. ಮೂತಿಯಿಂದ ಬಾಲದ ಬುಡದವರೆಗೆ ಒಂದೇ ಕಪ್ಪು ಗೆರೆಯಿದ್ದು, ಮೈ ನೀಳವಾಗಿದ್ದರೆ ರಾಸ್ಬೊರ. ಮೈ ಸ್ವಲ್ಪ ಅಗಲವಾಗಿ, ಪಕ್ಕದಲ್ಲಿ ಉಕ್ಕಿನ ನೀಲಿಯ ಪಟ್ಟೆಗಳೂ ಅವುಗಳ ನಡುವೆ ಹಳದಿ ಗೆರೆಗಳೂ ಇದ್ದರೆ ಡೆವಾರಿಯೊ. ಬಾಲದ ಬುಡಕ್ಕೆ ಸ್ವಲ್ಪ ಮುಂಚೆ ದೊಡ್ಡದೊಂದು ಕಪ್ಪು ಮಚ್ಚೆಯಿದ್ದು, ಬಾಲದ ಎರಡು ತುದಿಗಳೂ ಕಪ್ಪಾಗಿದ್ದರೆ ಡಾಕಿನ್ಸಿಯ ಫಿಲಮೆಂಟೋಸ. ಗಂಡಿನ ಬೆನ್ನಿನ ರೆಕ್ಕೆಯಿಂದ ನೂಲಿನಂತಹ ಎಳೆಗಳು ಹೊರಡುತ್ತವೆ. ಇದರ ಮರಿಗಳಿಗೆ ಮೈಮೇಲೆ ಕಪ್ಪು ಅಡ್ಡಪಟ್ಟೆಗಳಿದ್ದು, ಬೆಳೆದಂತೆ ಅವು ಅಳಿಸಿಹೋಗುತ್ತವೆ. ಆದಕಾರಣ ತಾಯಿಯನ್ನೂ ಮರಿಯನ್ನೂ ಬೇರೆ ಬೇರೆ ಜಾತಿಗಳೆಂದು ಎಣಿಸುವುದು ಸಹಜವಾದ ತಪ್ಪು. ಕಾವೇರಿಯ ಪ್ರಾಂತದಲ್ಲಿ ದೊರೆಯುವ ಇನ್ನೊಂದು ಪುಟ್ಟ ಮೀನಾದ ಪೆಥಿಯ ನಾರಾಯಣಿಗೆ ಆ ಹೆಸರನ್ನು ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾರವರು 1937ರಲ್ಲಿ ಕೊಟ್ಟರು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ. ಆರ್. ನಾರಾಯಣರಾಯರ ಸ್ಮರಣೆ ಅದರಲ್ಲಿದೆ.

ಮೇಲೆ ಹೇಳಿದ ನೀಲಿ ಪಟ್ಟೆಯೂ ಇಲ್ಲದೆ, ತುಟಿಯ ತಟ್ಟೆಯೂ ಇಲ್ಲದೆ, ಹುರುಪೆಗಳು ಮೈಗೆ ಹೋಲಿಸಿದರೆ ದೊಡ್ಡವಾಗಿದ್ದು, ಬಾಯಿಯ ಬಳಿ ಎರಡು ಜೊತೆ ಮೀಸೆಗಳಿದ್ದರೆ, ಅದು ಮಹಶೀರ್ ಅಥವಾ ಅಂತಹ ದೊಡ್ಡ ಮೀನಿನ ಮರಿಯಾಗಿರಬಹುದೆಂದು ತಿಳಿದು ತಕ್ಷಣ ನೀರಿಗೆ ಬಿಡತಕ್ಕದ್ದು. ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರು ಪುರಿ ಹಾಕುವುದು ಈ ಮಹಶೀರ್ ಮೀನಿಗೇ. ಇದರ ಮರಿಗಳು ಸಣ್ಣ ಹಳ್ಳಗಳಲ್ಲಿಯೂ ಬೆಳೆಯುವುದುಂಟು. ಮೊದಲ ಮಳೆಗೆ ಪ್ರವಾಹದ ಎದುರಾಗಿ ಗದ್ದೆಯ ಕಡೆಗೆ ಏರುವ ಹತ್ತುಮೀನುಗಳೂ ಮೊಟ್ಟೆ ಇಡುವುದಕ್ಕಾಗಿಯೇ ಬರುತ್ತವೆ. ಕಾಲುವೆಯ ಬಾಯನ್ನು ಪೂರ್ತಿ ಕಟ್ಟಿ ಕೂಣಿ ಹಾಕಿದರೆ ಒಂದು ರಾತ್ರಿಯ ಸಾರಿಗೆ ಮುಂದಿನ ವರ್ಷದ ಮೀನೆಲ್ಲಾ ಖರ್ಚಾಗುತ್ತದೆ.

ವಿಷ ಹಾಕುವುದರ ವಿಚಾರ ಇನ್ನೂ ಕಠಿನವಾದದ್ದು. ಕಾರೆಕಾಯನ್ನು ಜಜ್ಜಿ ಮಡುವಿಗೆ ಹಾಕುವ ಹಳೆಯ ಪದ್ಧತಿಯ ಸ್ಥಾನವನ್ನು ಈಗ ಕೀಟನಾಶಕಗಳೂ ಬ್ಲೀಚಿಂಗ್ ಪುಡಿಯೂ ಆಕ್ರಮಿಸಿವೆ. ದಕ್ಷಿಣ ಕನ್ನಡದ ಶಿಶಿಲದ ದೇವಸ್ಥಾನದ ಬಳಿ 1996ರಲ್ಲಿ ವಿಷಪ್ರಯೋಗದಿಂದ ದೇವರ ಮೀನುಗಳು ಸಾವಿರಗಟ್ಟಲೆ ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ನೀರಿಗೆ ವಿಷವನ್ನೂ ಸಿಡಿಮದ್ದನ್ನೂ ಹಾಕಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆಯ ಕಾಯಿದೆಯಿಂದಲೇ ಅಪರಾಧವೆನಿಸಿದೆ.

ನೀರಿನ ಮೇಲ್ಮೈಯಲ್ಲಿಯೇ ಚಲಿಸುವ, ಬಾಯಿ ಮೇಲಕ್ಕೆ ತೆರೆದ ಎರಡು ಮೀನುಗಳನ್ನು ಭೂಮಾಲೀಕರು ವಿಶೇಷವಾಗಿ ಅರಿಯತಕ್ಕದ್ದು. ಒಂದು ನಮ್ಮದೇ ಆದ ಅಪ್ಲೊಕೈಲಸ್. ಇದರ ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಬೊಟ್ಟಿದ್ದು, ದಡದಲ್ಲಿ ನಿಂತವರಿಗೂ ಕಾಣುತ್ತದೆ. ಇದರ ಲಿನಿಯೇಟಸ್ ಎಂಬ ಜಾತಿಯ ಪಕ್ಕದಲ್ಲಿ ಹೊನ್ನಿನ ಚುಕ್ಕೆಗಳ ಸಾಲುಗಳೂ ಕಪ್ಪು ಅಡ್ಡಗೆರೆಗಳೂ ಇರುತ್ತವೆ. ಉದ್ದ 4 ಅಂಗುಲದವರೆಗೆ. ಇನ್ನೊಂದು ಅಮೆರಿಕಾ ಮೂಲದ ಗಂಬೂಸಿಯ. ಸೊಳ್ಳೆಯ ಮರಿಗಳನ್ನು ತಿನ್ನಿಸುವುದಕ್ಕಾಗಿ ಇದನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲಾಯಿತು. ಇದರ ಮೈ ಬೂದುಬಣ್ಣ, ನೆತ್ತಿಯಲ್ಲಿ ಬೆಳ್ಳಿಯ ಬೊಟ್ಟಿಲ್ಲ. ಹೆಣ್ಣು 2 ಅಂಗುಲವನ್ನು ಸ್ವಲ್ಪ ಮೀರಬಹುದು. ಗಂಡು ಅದಕ್ಕಿಂತ ಬಹಳ ಚಿಕ್ಕದು. ಬಸುರಿಯಾದ ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಕಲೆಯೊಂದು ಕಾಣುತ್ತದೆ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುವುದರಿಂದ ಬೇಗನೆ ಹೆಚ್ಚುತ್ತದೆ.

ಗಂಬೂಸಿಯವು ಸೊಳ್ಳೆಯ ಮರಿಗಳನ್ನು ತಿನ್ನುವುದು ನಿಜ. ಆದರೆ ಇತರ ಮೀನುಗಳ ಮೊಟ್ಟೆ ಮರಿಗಳನ್ನೂ ಕಪ್ಪೆಯ ಮರಿಗಳನ್ನೂ ತಿನ್ನುತ್ತದೆ. ತನಗಿಂತ ದೊಡ್ಡ ಮೀನಿನ ರೆಕ್ಕೆಗಳನ್ನು ಸಹ ಕಚ್ಚುತ್ತದೆ. ಅಪ್ಲೊಕೈಲಸ್ ಸಹ ಸೊಳ್ಳೆಯ ಮರಿಗಳನ್ನು ತಿನ್ನತಕ್ಕದ್ದೇ ಆದ್ದರಿಂದ, ಅದು ಈಗಾಗಲೇ ಇರುವ ಹಳ್ಳಕ್ಕೆ ಗಂಬೂಸಿಯವನ್ನು ತಂದು ಬಿಡುವುದು ಮನೆಯ ಕಾವಲುಗಾರನನ್ನು ಓಡಿಸಿ ಪರವೂರಿನವನನ್ನು ನೇಮಿಸಿದಂತೆಯೇ ಸರಿ. ಹೊರಗೆ ಹರಿದುಹೋಗುವ ದಾರಿಯಿಲ್ಲದ ತೊಟ್ಟಿಯಲ್ಲಿ ಇದನ್ನು ಸಾಕಿದ್ದವರೂ ತೊಟ್ಟಿಯನ್ನು ತೊಳೆಯುವಾಗ ಆ ನೀರನ್ನು ಕಾಲುವೆಗೆ ಬಿಡಕೂಡದು.

ಗುರುತು ಸಿಕ್ಕದ ಮೀನು ಕಂಡುಬಂದಲ್ಲಿ, ಅದರ ಪಕ್ಕದ ಚಿತ್ರವನ್ನು ಅಳತೆಯ ಪಟ್ಟಿಯೊಡನೆ ತೆಗೆದು ಮೀನನ್ನು ಬಿಟ್ಟುಬಿಡಬಹುದು. ಸತ್ತು ಸಿಕ್ಕಿದ ಮೀನಾದರೆ, ಅಂಗಡಿಯ ಫಾರ್ಮಲಿನ್ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿ, ಮುಚ್ಚಳ ಭದ್ರವಾದ ಶೀಸೆಯಲ್ಲಿ ಇಡತಕ್ಕದ್ದು. ಫಾರ್ಮಲಿನ್ನಿನ ಹಬೆ ಕಣ್ಣಿಗೂ ಉಸಿರಿಗೂ ಕೆಟ್ಟದ್ದಾದ ಕಾರಣ ಈ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಹಳ್ಳದ ಹೆಸರು, ಗ್ರಾಮ, ತಾರೀಖು, ನೀರು ನಿಂತದ್ದೋ ಹರಿಯುವುದೋ, ತಳ ಮರಳೋ ಕಲ್ಲೋ ಎಂಬುದನ್ನು ಸೀಸದ ಕಡ್ಡಿಯಿಂದ ದಪ್ಪ ಕಾಗದದ ಮೇಲೆ ಬರೆದು ಶೀಸೆಯ ಒಳಗೇ ಹಾಕಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಲುಪಿಸತಕ್ಕದ್ದು. ಮಸಿಯಿಂದ ಬರೆದರೆ ಅಕ್ಷರಗಳು ದ್ರವದಲ್ಲಿ ಕರಗಿಹೋಗುತ್ತವೆ.