ಬ್ರೂಗೆಲ್‌ನ ‘ಮಕ್ಕಳ ಆಟಗಳು’: ಹೊಸಬರಿಗೊಂದು ಪರಿಚಯ

ಚಿತ್ರಕಲೆ ನಮಗೆ ತಿಳಿಯುವುದಲ್ಲ ಎಂದು ಹಿಂಜರಿಯುವ ಆಳಂದ, ಅಫಜಲಪುರ, ಜೇವರ್ಗಿಯ ವಿದ್ಯಾರ್ಥಿಗಳೇ, ಈ ಚಿತ್ರದಿಂದ ಶುರುಮಾಡಿ. ಇದಕ್ಕೆ ಬೇಕಾದ ಅರ್ಧ ಪಾಠವನ್ನು ನೀವು ಓಣಿಯಲ್ಲೇ ಕಲಿತಿದ್ದೀರಿ.

ಪೀಟರ್ ಬ್ರೂಗೆಲ್ ಇಂದಿನ ಬೆಲ್ಜಿಯಂ ಭಾಗದಲ್ಲಿ ಬಾಳಿದ ಕಲಾವಿದ. 1560ರಲ್ಲಿ, ಅಂದರೆ ತಾಳೀಕೋಟೆ ಕಾಳಗಕ್ಕೆ ಐದು ವರ್ಷ ಮೊದಲು, ಓಕ್ ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಇದನ್ನು ಬರೆದ. ಎತ್ತರ ಸುಮಾರು 118, ಅಗಲ 161 ಸೆಂಟಿಮೀಟರ್. ಅಷ್ಟರೊಳಗೆ 200ಕ್ಕೂ ಹೆಚ್ಚು ಮಕ್ಕಳು, ಸುಮಾರು 80 ಆಟಗಳು. ಮೂಲಚಿತ್ರ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ.

ಮೊದಲ ಸಲ ನೋಡಿದಾಗ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಇಲ್ಲಿ ನಾಯಕನೆಂಬವನಿಲ್ಲ. ಮಾಳಿಗೆ ಏರಿ ಓಣಿ ನೋಡಿದ ಹಾಗೆ, ಬ್ರೂಗೆಲ್ ಎಲ್ಲವನ್ನೂ ಎತ್ತರದಿಂದ ನೋಡಿ ಬರೆದಿದ್ದಾನೆ. ಅದಕ್ಕೇ ಇಷ್ಟೊಂದು ಆಟಗಳು ಒಂದಕ್ಕೊಂದು ಮರೆಯಾಗದೆ ಕಾಣುತ್ತವೆ. ಅವಸರ ಬೇಡ, ಒಂದು ಮೂಲೆ ಹಿಡಿಯಿರಿ.

ಎಡಗಡೆ ಕೆಳಗೆ ಇಬ್ಬರು ಹುಡುಗಿಯರು ಪ್ರಾಣಿಯ ಕೀಲೆಲುಬುಗಳಿಂದ ಆಡುತ್ತಿದ್ದಾರೆ. ಹರಳಾಟ ಆಡಿದವರಿಗೆ ಆ ಕೈಚಳಕ ಗೊತ್ತು. ಕೆಳಗಡೆಯೇ ಗಾಲಿ ಉರುಳಿಸುವ ಹುಡುಗರಿದ್ದಾರೆ. ಕಮಾನುಗಳ ಅಡಿ ಬುಗುರಿ ತಿರುಗುತ್ತಿದೆ. ನಡುವೆ ಮದುವೆಯಾಟದ ಮೆರವಣಿಗೆ. ಎಡಗಡೆ ಮೇಲೆ ನೀರಿಗಿಳಿದವರನ್ನು ಕಂಡರೆ ಭೀಮಾ ದಂಡೆಯ ಮಕ್ಕಳಿಗೆ ಬೇರೆ ವಿವರಣೆ ಬೇಡ. ಬಲಗಡೆ ಕೆಳಮೂಲೆಯಲ್ಲಿ ಒಬ್ಬಳು ಇಟ್ಟಿಗೆ ಕೆರೆದು ಕೆಂಪು ಪುಡಿ ಮಾಡಿ ಅಂಗಡಿ ಆಟ ಆಡುತ್ತಿದ್ದಾಳೆ. ಬಣ್ಣ ತಯಾರಿಸುವ ಆ ಹುಡುಗಿಯ ಹತ್ತಿರವೇ ಬ್ರೂಗೆಲ್ ತನ್ನ ಹೆಸರು ಬರೆದಿದ್ದಾನೆ.

ಈಗ ಮುಖಗಳನ್ನು ನೋಡಿ. ನಗುವವರು ಕಡಿಮೆ, ಬಹುತೇಕರು ತಮ್ಮ ಆಟದಲ್ಲಿ ಮುಳುಗಿದ್ದಾರೆ. ಮನುಷ್ಯರ ಹುಚ್ಚಾಟವನ್ನು ಕಲಾವಿದ ಮಕ್ಕಳ ಮೂಲಕ ತೋರಿಸಿದ್ದಾನೆ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೆ ಕಾಣುವುದು ಗೌರವ. ದೊಡ್ಡವರು ಇಲ್ಲವೆನ್ನುವಷ್ಟು ವಿರಳ. ಇಡೀ ಪಟ್ಟಣ ಮಕ್ಕಳ ಕೈಯಲ್ಲಿದೆ. ಸಂತರಿಗೂ ರಾಜರಿಗೂ ಮೀಸಲಾಗಿದ್ದ ಶ್ರದ್ಧೆಯನ್ನು ಅವನು ಅವರ ಆಟಕ್ಕೆ ಕೊಟ್ಟಿದ್ದಾನೆ.

ನೋಡಿದ ಮೇಲೆ ಒಂದು ಕೆಲಸ ಮಾಡಿ. ಮನೆಯ ಹಿರಿಯರು ಆಡಿದ ಆಟಗಳ ಹೆಸರು, ನಿಯಮ ಕೇಳಿ ಬರೆದುಕೊಳ್ಳಿ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನೂ ಬಿಡಬೇಡಿ. ಆಮೇಲೆ ಒಂದೇ ಹಾಳೆಯ ಮೇಲೆ, ಎತ್ತರದಿಂದ ಕಂಡಂತೆ, ಎಲ್ಲವನ್ನೂ ಚಿತ್ರಿಸಿ. ಯಾವ ಆಟವನ್ನೂ ಚಿಕ್ಕದೆಂದು ಬದಿಗೆ ಸರಿಸಬೇಡಿ.